ಕೂರದ ಕಾಗೆ, ಕೊನೆಯ ಪ್ಲೇಟು

ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು ಎಂದು ಹಿರಿಯರು ಹೇಳಿದ್ದಾರೆ. ಆ ಹಿರಿಯರು ಕುಂದಾಪುರದ ಕಾಗೆಗಳನ್ನು ಕಂಡವರಲ್ಲ. ಇಲ್ಲಿ ಕಾಗೆ ಕೂರದೇ ಇರುವುದಕ್ಕೂ ಮಾಷ್ಟ್ರ ಕೊಂಬು ಮುರಿಯುವುದಕ್ಕೂ ಸರಿಹೋಯಿತು. ಇದು ಕಟ್ಟಿದ ಕತೆಯಲ್ಲ, ನಡೆದ ಸಂಗತಿ. ನಂಬಿಕೆ ಬಾರದವರು ಹೊಳೆಬದಿಯ ಪಾರ್ಕಿಗೆ ಹೋಗಿ ಅಲ್ಲಿಯ ಕಾಗೆಗಳನ್ನೇ ವಿಚಾರಿಸಬಹುದು. ಕೇಳದಿದ್ದರೂ ಹೇಳುವ ಜಾತಿ ಅವು.

ಉದಯಶಂಕರ ಮಾಷ್ಟ್ರು ಕೋಟದ ಕಡೆಯವರು, ಕುಂದಾಪುರದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದರು. ಅವರಿಗೆ ಹಕ್ಕಿಯ ಹುಚ್ಚೊಂದು, ಕ್ಯಾಮೆರಾದ ಹುಚ್ಚೊಂದು. ಬೇರೆ ಬೇರೆಯಾಗಿದ್ದರೆ ಯಾವುದಾದರೂ ಪಂಡಿತರು ಮದ್ದು ಕೊಡುತ್ತಿದ್ದರೋ ಏನೋ, ಎರಡೂ ಕೂಡಿಕೊಂಡಿದ್ದರಿಂದ ಅವರ ಹೆಂಡತಿ ಪದ್ಮಾಕ್ಷಿ ದೇವರ ಮೇಲೆ ಭಾರ ಹಾಕಿ ಸುಮ್ಮನಾಗಿದ್ದಳು. ಯಾವ ಹಕ್ಕಿಯ ಸ್ವರವನ್ನಾದರೂ ಮಾಷ್ಟ್ರು ಗಂಟಲಿನಿಂದ ತೆಗೆಯುತ್ತಿದ್ದರು. ಬೆಳಗಿನ ಜಾವ ಅವರು ಕೋಗಿಲೆಯಂತೆ ಕೂಗಿದರೆ ಎದುರು ಮರದಿಂದ ಉತ್ತರ ಬರುತ್ತಿತ್ತು, ಒಳಗಿನಿಂದ ಮಾತ್ರ "ಹಲ್ಲುಜ್ಜಿ ಕೂಗಿ" ಎಂದು ಬರುತ್ತಿತ್ತು.

ಕ್ಯಾಮೆರಾ ಎಂದರೆ ಅಂಗೈಯಲ್ಲಿ ಹಿಡಿಯುವ ಆಟಿಕೆಯಲ್ಲ. ಹಾರ್ಮೋನಿಯಮ್ಮೊಂದು ಮೂರು ಕಾಲಿನ ಮೇಲೆ ಎದ್ದು ನಿಂತು ತಲೆಗೆ ಕರಿಬಟ್ಟೆ ಮುಸುಕು ಹಾಕಿಕೊಂಡಂತೆ ಅದರ ರೂಪ. ಮಾಷ್ಟ್ರು ಮುಸುಕಿನೊಳಗೆ ತಲೆ ತೂರಿಸಿ, ಕಣ್ಣಳತೆ ಸರಿಮಾಡಿ, ಗಾಜಿನ ಪ್ಲೇಟು ಸಿಕ್ಕಿಸಿ, ಮುಂದಿನ ಮುಚ್ಚಳ ತೆಗೆದು, "ಒಂದು, ಎರಡು, ಮೂರು" ಎಂದು ಎಣಿಸಿ ಮತ್ತೆ ಮುಚ್ಚಬೇಕು. ಅಷ್ಟು ಹೊತ್ತು ಕೂತಿರಲು ಹಕ್ಕಿಗೇನು ಮಾಷ್ಟ್ರ ಕ್ಲಾಸೇ? ಹೀಗಾಗಿ ಅವರ ಸಂಗ್ರಹದ ತುಂಬ ಹಕ್ಕಿ ಆಗಷ್ಟೇ ಎದ್ದುಹೋದ ಕೊಂಬೆಗಳ ಚಿತ್ರಗಳೇ ಇದ್ದವು. ಹಿಂದಿನ ವರ್ಷ ಮದ್ರಾಸಿನ ಪಕ್ಷಿಪ್ರಿಯರ ಸಂಘವೊಂದರ ಪ್ರದರ್ಶನಕ್ಕೆ ಅವನ್ನು ಕಳುಹಿಸಿದಾಗ ಅಲ್ಲಿನ ಕಾರ್ಯದರ್ಶಿ ವಿನಯದಿಂದ ಉತ್ತರಿಸಿದ್ದ: "ಕೊಂಬೆಗಳು ಬಹಳ ಚೆನ್ನಾಗಿ ಬಂದಿವೆ. ಮುಂದಿನ ಸಲ ಹಕ್ಕಿಯನ್ನೂ ಕಳುಹಿಸುವ ಕೃಪೆಯಾಗಲಿ."

ಆ ಮುಂದಿನ ಸಲ ಈಗ ಬಂದಿತ್ತು. ಆವತ್ತಿನ ಭಾನುವಾರ ಸಂಜೆ ಟಪಾಲು ಒಯ್ಯುವ ಮೇಲ್ ಬಸ್ಸಿಗೆ ಚಿತ್ರ ಹೋಗದಿದ್ದರೆ ಈ ವರ್ಷದ ಪ್ರದರ್ಶನವೂ ತಪ್ಪಿತು. ಯುದ್ಧದ ಕಾಲ. ಅಕ್ಕಿಗೆ ರೇಶನ್ನು, ಸೀಮೆಎಣ್ಣೆಗೆ ಕ್ಯೂ, ಬೊಂಬಾಯಿಯಿಂದ ಪ್ಲೇಟುಗಳು ಬರುವುದಂತೂ ನಿಂತೇಹೋಗಿತ್ತು. ಮಾಷ್ಟ್ರ ಪೆಟ್ಟಿಗೆಯಲ್ಲಿ ಉಳಿದದ್ದು ಒಂದೇ ಒಂದು ಪ್ಲೇಟು. ಅದನ್ನು ಅವರು ಹೆಮ್ಮಿಂಚುಳ್ಳಿ ಎಂಬ ಮೀನು ಹಿಡಿಯುವ ಹಕ್ಕಿಗೆಂದು ಮೀಸಲಿಟ್ಟಿದ್ದರು.

ಪಾರ್ಕಿನ ಅಂಚಿನಲ್ಲಿ, ಹೊಳೆಯ ದಡದಲ್ಲಿ, ದೋಣಿ ಕಟ್ಟಲು ನೆಟ್ಟ ಆಳೆತ್ತರ ಮೀರಿದ ಗೂಟವೊಂದಿತ್ತು. ಬಿಸಿಲು ಏರುವ ಹೊತ್ತಿಗೆ ಅದರ ತುದಿಗೆ ಈ ಹಕ್ಕಿ ಬಂದು ಕೂರುತ್ತಿತ್ತು. ನೀಲಿ ರೆಕ್ಕೆ, ಮೈಗಿಂತ ಭಾರವೆನಿಸುವ ಕೆಂಪು ಕೊಕ್ಕು. ಉಳಿದ ಹಕ್ಕಿಗಳಂತೆ ಅದಕ್ಕೆ ಚಡಪಡಿಕೆ ಇಲ್ಲ. ಮೀನಿನ ಧ್ಯಾನದಲ್ಲಿ ಕೂತರೆ ಪಿಂಚಣಿ ಬಂದ ಶಾನುಭೋಗರಂತೆ ಕೂತೇ ಇರುತ್ತಿತ್ತು. ಮೂರು ಎಣಿಸುವ ತನಕ ಕೂತಿರಬಲ್ಲ ಹಕ್ಕಿ ಕುಂದಾಪುರದಲ್ಲಿ ಇದೊಂದೇ.

ಹೊಳೆಯ ಮೇಲೆ ಮಂಜು ಇನ್ನೂ ಕರಗಿರಲಿಲ್ಲ. ಮಾಷ್ಟ್ರು ಗೂಟಕ್ಕೆ ಗುರಿಯಿಟ್ಟು ಕ್ಯಾಮೆರಾ ನಿಲ್ಲಿಸಿ ಮೂರು ಕಾಲುಗಳನ್ನೂ ಮರಳಿನಲ್ಲಿ ಊರಿ ಅಲ್ಲಾಡದಂತೆ ಮಾಡಿದರು. ಬೆಳಗಿನ ತಿರುಗಾಟಕ್ಕೆ ಬಂದಿದ್ದ ಡ್ರಾಯಿಂಗ್ ಮಾಷ್ಟ್ರು ಪ್ರೇಮಾನಂದ ಕೋಲು ಊರಿ ನಿಂತರು.

"ಎಂತ ಮಾಷ್ಟ್ರೇ, ಇವತ್ತ್ ಯಾವ ಕೊಂಬಿ?"

"ಕೊಂಬಿ ಅಲ್ಲ, ಇವತ್ತ್ ಹಕ್ಕಿಯೇ."

"ಹಕ್ಕಿಗ್ ಹೇಳಿದ್ರ್ಯಾ?" ಎಂದು ಕೇಳಿ ಪ್ರೇಮಾನಂದರು ಉತ್ತರಕ್ಕೆ ಕಾಯದೆ ಹೊರಟುಹೋದರು.

ಮಾಷ್ಟ್ರು ಗಂಟಲು ಸರಿಮಾಡಿಕೊಂಡು "ಕೇ-ಕೇ-ಕೇ" ಎಂದು ಹೆಮ್ಮಿಂಚುಳ್ಳಿಯ ಸ್ವರ ತೆಗೆದರು. ಹೊಳೆಯಾಚೆ ಗಂಗೊಳ್ಳಿಯ ಕಡೆಯಿಂದ ಉತ್ತರವೂ ಬಂತು. ಅದರ ಬೆನ್ನಿಗೇ ಪಾರ್ಕಿನ ಗೇಟಿನ ಕಡೆಯಿಂದ ಇನ್ನೊಂದು ಸ್ವರ ಬಂತು.

"ಹ್ವಾಯ್, ಅಲ್ಲ್ ಬ್ಯಾಡ, ಇಲ್ಲ್ ಗಾಳಿಮರದ್ ಬುಡದಲ್ ಇಡುವ."

ತೆಂಗಿನಕಾಯಿ ಮಂಡಿಯ ಚಂದಯ್ಯನವರ ಮನೆಯವರು. ಚಂದಯ್ಯನವರು ತೀರಿಕೊಂಡು ವರ್ಷಗಳಾಗಿದ್ದವು. ತುಂಬು ಬಾಳು ಬಾಳಿದವರು, ತುಂಬು ಮೂಗು ಇದ್ದವರು. ಬೀದಿ ತಿರುವಿನಲ್ಲಿ ಮೊದಲು ಅವರ ಮೂಗು ಬರುತ್ತಿತ್ತು, ಆಮೇಲೆ ಅವರು ಬರುತ್ತಿದ್ದರು ಎಂದು ಊರಲ್ಲಿ ಈಗಲೂ ಹೇಳುತ್ತಾರೆ. ಇವತ್ತು ಅವರ ತಿಥಿ. ಆ ಮನೆಯ ಕಟ್ಟಳೆ ಏನೆಂದರೆ ತಿಥಿಯ ಮುಂಜಾನೆ ಹೊಳೆಬದಿಯಲ್ಲಿ ಎಡೆ ಇಟ್ಟು, ಅದನ್ನು ಕಾಗೆ ಮುಟ್ಟುವ ತನಕ ಮನೆಯಲ್ಲಿ ಯಾರೂ ಒಂದು ತೊಟ್ಟು ಕಾಪಿಯನ್ನೂ ಬಾಯಿಗೆ ಹಾಕುವಂತಿಲ್ಲ. ಕಾಗೆ ಮುಟ್ಟದಿದ್ದರೆ ತೀರಿಕೊಂಡವರಿಗೆ ಏನೋ ಆಸೆ ಉಳಿದಿದೆ ಎಂದರ್ಥ. ಅದನ್ನು ಊಹಿಸಿ, ನೆರವೇರಿಸುತ್ತೇವೆಂದು ಬಾಯಿಬಿಟ್ಟು ಹೇಳಬೇಕು. ಊಹೆ ಸರಿಯಾದರೆ ಕಾಗೆ ಇಳಿಯುತ್ತದೆ.

ಬಂದವರಲ್ಲಿ ಮುಂದೆ ಹಿರಿಯಣ್ಣ. ಹೆಸರು ಹಿರಿಯಣ್ಣನಾದರೂ ಅವರು ಚಂದಯ್ಯನವರ ತಮ್ಮ. ಅಣ್ಣ ಹೋದ ಮೇಲೆ ಹೆಸರಿಗೆ ತಕ್ಕಂತೆ ನಡೆಯತೊಡಗಿದ್ದರು: ಮಂಡಿಯ ಗಾದಿಯ ಮೇಲೆ ಕೂರುವವರು ಅವರೇ, ಕೀಲಿಕೈ ಗೊಂಚಲು ಅವರ ಸೊಂಟದಲ್ಲೇ, ಅತ್ತಿಗೆಗೆ ಎಲೆಯಡಿಕೆ ಬೇಕಾದರೂ ಅವರನ್ನೇ ಕೇಳಬೇಕು. ಅವರ ಹಿಂದೆ ಆ ಅತ್ತಿಗೆ, ಚಂದಯ್ಯನವರ ಹೆಂಡತಿ ಗೋಮತಿಯಮ್ಮ. ಆಮೇಲೆ ಮಗ ದಾಮೋದರ, ಸೊಸೆ ಸರೋಜ. ಸರೋಜಳ ಬುಟ್ಟಿಯಲ್ಲಿ ವಡೆ, ಸುಕ್ರುಂಡೆ, ಅನ್ನ.

ಬಾಳೆಲೆ ಹಾಸಿ ಎಡೆ ಇಟ್ಟು ಎಲ್ಲರೂ ದೂರ ಸರಿದು ನಿಂತರು. ಕಾಗೆಗಳೇನೋ ಬಂದವು. ಒಂದಲ್ಲ, ಎರಡಲ್ಲ, ಗಾಳಿಮರದ ಒಂದೊಂದು ಗೆಲ್ಲೂ ಕಪ್ಪಾಗುವಷ್ಟು ಬಂದವು. ಬಂದವೆಲ್ಲ ಕೋರ್ಟಿನ ಜಗಲಿಯ ವಕೀಲರಂತೆ ಒಟ್ಟಿಗೇ ಕೂಗತೊಡಗಿದವು. ಒಂದಾದರೂ ಕೆಳಗಿಳಿಯಲಿಲ್ಲ.

"ಊರಿನ್ ಕಾಕಿ ಎಲ್ಲ ಬಂದಿತ್, ಒಂದೂ ಮುಟ್ಟುದಿಲ್ಲೆ ಅಲೆ" ಎಂದ ದಾಮೋದರ. ಅವನ ಹೊಟ್ಟೆ ಆಗಲೇ ಸಣ್ಣಗೆ ರಾಗ ತೆಗೆದಿತ್ತು.

"ಅಣ್ಣಯ್ಯಂಗೆ ಎಂತದೋ ಮನ್ಸಲ್ ಉಳ್ದಿತ್" ಎಂದರು ಹಿರಿಯಣ್ಣ. ಸೊಂಟದಿಂದ ಬೆಳ್ಳಿಯ ನಶ್ಯದ ಡಬ್ಬಿ ತೆಗೆದು ಎಡೆಯ ಬದಿಗಿಟ್ಟು ಕೈಮುಗಿದರು. "ಅಣ್ಣಯ್ಯ, ನಿನ್ನ ಡಬ್ಬಿ ನಾನೇ ಇಟ್ಕಂಡದ್ ಹೌದ್. ಕಾಣ್, ಇಲ್ಲೇ ಇಟ್ಟಿದ್ದೆ."

ಕಾಗೆಗಳು ಇನ್ನೂ ಜೋರಾಗಿ ಕೂಗಿದವು.

ದಾಮೋದರ ಮುಂದೆ ಬಂದ. "ಅಪ್ಪಯ್ಯ, ಇನ್ ಮೇಲೆ ನಾನ್ ಇಸ್ಪೀಟ್ ಮುಟ್ಟುದಿಲ್ಲೆ."

ಕಾಗೆ ಇಳಿಯಲಿಲ್ಲ. ಸರೋಜ ಮಾತ್ರ ಗಂಡನ ಕಡೆಗೆ ತಿರುಗಿದಳು. "ಇಸ್ಪೀಟಾ? ನೀವ್ ಭಜನಿಗ್ ಹೋಪುದಲ್ದಾ?"

"ಅದ್ ಮನೆಗ್ ಹೋದ್ಮೇಲ್ ಮಾತಾಡುವ" ಎಂದ ದಾಮೋದರ, ಅಪ್ಪಯ್ಯನಿಗೆ ಹೇಳಬಾರದಿತ್ತು ಎಂಬ ಮುಖ ಮಾಡಿ.

ಗೋಮತಿಯಮ್ಮ ನಿಧಾನವಾಗಿ ಬಾಯಿಬಿಟ್ಟರು. "ಕೀಲಿಕೈ ಸಂಗ್ತಿ ಒಂದ್ ಹೇಳಿ ಕಾಂಬ, ಹಿರಿಯಣ್ಣ."

"ಅದ್ ಇಪ್ಪುಕಿಲ್ಲ ಅತ್ತಿಗೆ. ಅಣ್ಣಯ್ಯ ಅಷ್ಟ್ ಸಣ್ಣ ವಿಷ್ಯಕ್ಕೆಲ್ಲ ಬೇಜಾರ್ ಮಾಡ್ಕಂಬವ ಅಲ್ಲ" ಎಂದು ಹಿರಿಯಣ್ಣ ಗೊಂಚಲಿನ ಮೇಲೆ ಪಂಚೆಯ ಮಡಿಕೆ ಎಳೆದುಕೊಂಡರು.

ಇತ್ತ ಮಾಷ್ಟ್ರು ಹೊಳೆಯಾಚೆಗೇ ಕಣ್ಣಿಟ್ಟಿದ್ದರು. ಈ ಗಲಾಟೆಯಲ್ಲಿ ಹೆಮ್ಮಿಂಚುಳ್ಳಿ ಹೊಳೆ ದಾಟಿ ಬರುವುದುಂಟೆ? ಕಾಗೆ ಬೇಗ ಎಡೆ ಮುಟ್ಟಲಿ, ಇವರು ಬೇಗ ತೊಲಗಲಿ ಎಂದು ಅವರೂ ಮನಸ್ಸಿನಲ್ಲೇ ಚಂದಯ್ಯನವರಿಗೆ ಕೈಮುಗಿದರು. ಅಷ್ಟರಲ್ಲಿ ಹಿರಿಯಣ್ಣನ ಕಣ್ಣು ಅವರ ಮೇಲೆ ಬಿತ್ತು.

"ಮಾಷ್ಟ್ರೇ, ನೀವ್ ಹಕ್ಕಿ ಸ್ವರ ತೆಗಿತ್ರಿ ಗಡ. ಒಂದ್ ಕಾಕಿ ಕರೀನಿ ಕಾಂಬ."

ಮಾಷ್ಟ್ರಿಗೆ ಕಾಗೆಯ ಕೂಗು ಎರಡು ಬಗೆ ಬರುತ್ತಿತ್ತು. "ಇಲ್ಲಿ ಅನ್ನ ಇದೆ, ಬನ್ನಿ" ಎನ್ನುವುದು ಒಂದು. "ಇಲ್ಲಿ ಅಪಾಯ ಇದೆ, ಬನ್ನಿ" ಎನ್ನುವುದು ಇನ್ನೊಂದು. ಗಡಿಬಿಡಿಯಲ್ಲಿ ಗಂಟಲಿನಿಂದ ಹೊರಟದ್ದು ಎರಡನೆಯದು. ಕೋಡಿಯಿಂದ, ಹಂಗಳೂರಿನಿಂದ, ವಡೇರಹೋಬಳಿಯಿಂದ ಉಳಿದಿದ್ದ ಕಾಗೆಗಳೂ ಬಂದು ಸೇರಿದವು. ಆಕಾಶ ಕೊಡೆ ಬಿಡಿಸಿದಂತಾಯಿತು.

"ಸಾಕ್ ಮಾಷ್ಟ್ರೇ" ಎಂದರು ಹಿರಿಯಣ್ಣ. "ನಿಮ್ಮನ್ ಕರೀಬಾರ್ದಿತ್."

ಆಗಲೇ ಒಂದು ಕಾಗೆ ಸೊಯ್ಯನೆ ಇಳಿದು ಕ್ಯಾಮೆರಾದ ಕರಿಬಟ್ಟೆಗೆ ಕುಕ್ಕಿ ಮೇಲೆ ಹಾರಿತು. ಮಾಷ್ಟ್ರಿಗೆ ತಲೆಯಲ್ಲಿ ಮಿಂಚು ಹೊಡೆದಂತಾಯಿತು. ಕಾಗೆಗಳ ಕಣ್ಣು ಎಡೆಯ ಮೇಲೆ ಇರಲೇ ಇಲ್ಲ! ಗದ್ದೆಯಲ್ಲಿ ಸತ್ತ ಕಾಗೆಯನ್ನು ಕೋಲಿಗೆ ನೇತುಹಾಕಿದರೆ ಬೇರೆ ಕಾಗೆಗಳು ಸುತ್ತ ಕೂಗುತ್ತವೆಯೇ ಹೊರತು ಕೆಳಗೆ ಇಳಿಯುವುದಿಲ್ಲ. ಇದನ್ನು ಅವರೇ ಕ್ಲಾಸಿನಲ್ಲಿ ಹೇಳಿದ್ದರು. ಹೊಳೆಗಾಳಿಗೆ ರೆಕ್ಕೆ ಬಡಿದಂತೆ ಹಾರುತ್ತಿದ್ದ ತನ್ನ ಕರಿಬಟ್ಟೆ ಅವುಗಳ ಕಣ್ಣಿಗೆ ಯಾರೋ ಕೊಂದು ನೇತುಹಾಕಿದ ದೊಡ್ಡಪ್ಪನಂತೆ ಕಂಡಿರಬೇಕು.

ನಿಜ ಹೇಳಿಬಿಡೋಣವೇ? ಕಾಪಿ ಕುಡಿಯದ ಹಿರಿಯಣ್ಣ ಕ್ಯಾಮೆರಾವನ್ನು ಹೊಳೆಗೆ ಹಾಕುತ್ತಾರೆ. ಅದರ ಹಿಂದೆ ಮಾಷ್ಟ್ರನ್ನೂ. ಸದ್ದಿಲ್ಲದೆ ಬಟ್ಟೆ ಮಡಚಿಬಿಡುವುದೇ ಜಾಣತನ ಎಂದು ಅವರು ಕೈ ಚಾಚಿದರು. ಕೈ ಬಟ್ಟೆಗೆ ತಾಗುವ ಮೊದಲೇ ಗೋಮತಿಯಮ್ಮನ ದನಿ ಬಂತು.

"ಅವ್ರಿಗ್ ಒಂದ್ ಪಟದ್ ಆಸಿ ಇದ್ದಿತ್. ನಮ್ಮನೆಯಲ್ ಅವ್ರದ್ ಒಂದ್ ಪಟ ಇಲ್ಲೆ."

ಎಲ್ಲರೂ ಒಟ್ಟಿಗೇ ಕ್ಯಾಮೆರಾದತ್ತ ತಿರುಗಿದರು. ಮಾಷ್ಟ್ರು ಅದನ್ನು ಮಗುವನ್ನು ತಬ್ಬಿದಂತೆ ತಬ್ಬಿಕೊಂಡರು.

"ಇಪ್ಪುದ್ ಒಂದೇ ಪ್ಲೇಟ್ ಮಾರಾಯ್ರೆ."

"ನಮ್ಗೂ ಒಂದೇ ಪಟ ಸಾಕಲೆ" ಎಂದರು ಹಿರಿಯಣ್ಣ.

"ತೀರ್ಕಂಡವ್ರ್ ಪಟ ನಾನ್ ಹ್ಯಾಂಗೆ ತೆಗುದ್?"

"ನಮ್ದ್ ತೆಗಿನಿ. ಅವ್ರಿಗ್ ನನ್ನ ಬಗ್ಲಲ್ ಒಂದ್ ಜಾಗ ಬಿಡ್ತೆ" ಎಂದರು ಗೋಮತಿಯಮ್ಮ, ಬಸ್ಸಿನಲ್ಲಿ ಸೀಟು ಹಿಡಿಯುವವರಷ್ಟು ಸಹಜವಾಗಿ.

ಮಾಷ್ಟ್ರ ತಲೆ ಚಕಚಕನೆ ಓಡಿತು. ಗಾಜಿನ ಪ್ಲೇಟನ್ನು ಬೆಳಕು ತಾಗದಂತೆ ಒಂದು ಚೌಕಟ್ಟಿನಲ್ಲಿಟ್ಟು ಅದರ ಮುಂದೆ ಕರಿ ತಗಡೊಂದನ್ನು ಸರಿಸಿರುತ್ತಾರೆ. ಚೌಕಟ್ಟನ್ನು ಕ್ಯಾಮೆರಾದ ಬೆನ್ನಿಗೆ ಸಿಕ್ಕಿಸಿ, ಆ ತಗಡನ್ನು ಎಳೆದು ತೆಗೆದು, ಆಮೇಲೆ ಮುಂದಿನ ಮುಚ್ಚಳ ತೆಗೆದು ಎಣಿಸಿದರೆ ಚಿತ್ರ. ತಗಡು ಎಳೆಯದೆ ಎಣಿಸಿದರೆ ಬರೀ ಲೆಕ್ಕ. ಇವರಿಗೆ ಲೆಕ್ಕ ಒಪ್ಪಿಸುವುದು, ಬಟ್ಟೆ ಮಡಚುವುದು. ಕಾಗೆ ಇಳಿಯುತ್ತದೆ, ಇವರು ಕಾಪಿಗೆ ಹೋಗುತ್ತಾರೆ, ಪ್ಲೇಟು ಹಕ್ಕಿಗೆ ಉಳಿಯುತ್ತದೆ. ಪಟ ಎಲ್ಲಿ ಎಂದು ನಾಳೆ ಕೇಳಿದರೆ, ಯುದ್ಧಕಾಲದ ಪ್ಲೇಟು, ಹಾಳಾಯಿತು ಎಂದರಾಯಿತು. ಯುದ್ಧದ ಮೇಲೆ ಏನನ್ನು ಹೊರಿಸಿದರೂ ಯಾರೂ ಇಲ್ಲವೆನ್ನುವುದಿಲ್ಲ.

"ಬನ್ನಿ, ಗೂಟದ್ ಎದ್ರಿಗ್ ನಿಂತ್ಕಣಿ" ಎಂದರು ಮಾಷ್ಟ್ರು ಉದಾರವಾಗಿ. ಕ್ಯಾಮೆರಾವನ್ನು ಒಂದು ಕೂದಲಿನಷ್ಟೂ ಅಲುಗಿಸಲು ಅವರಿಗೆ ಮನಸ್ಸಿರಲಿಲ್ಲ.

ಹಿರಿಯಣ್ಣ ಮುಂಡಾಸು ಬಿಗಿದು ನಟ್ಟನಡುವೆ, ಗೂಟ ಮರೆಯಾಗುವಂತೆ ನಿಂತರು. ಬಲಗಡೆ ದಾಮೋದರ, ಅವನಿಂದ ಮುಖ ತಿರುಗಿಸಿಕೊಂಡು ಸರೋಜ. ಎಡಗಡೆ ಚಂದಯ್ಯನವರಿಗೆ ಬಿಟ್ಟ ಖಾಲಿ ಜಾಗ, ಅದರಾಚೆ ಗೋಮತಿಯಮ್ಮ. ನಿಂತ ಮೇಲೆ ಹಿರಿಯಣ್ಣನಿಗೆ ಸಂಶಯ ಬಂತು. ತಾನೊಮ್ಮೆ ನೋಡಬೇಕೆಂದು ಓಡಿಬಂದು ಮುಸುಕಿನೊಳಗೆ ತಲೆಹಾಕಿ, ಸುಟ್ಟುಕೊಂಡವರಂತೆ ಹೊರಗೆ ಬಂದರು.

"ಎಂತ ಮಾಷ್ಟ್ರೇ ಇದ್, ಎಲ್ಲರೂ ತಲೆಕೆಳ್ಗ್ ನಿಂತಿದ್ರಲೆ. ಅತ್ತಿಗೆ ಬಾವ್ಲಿ ಹಾಂಗ್ ನೇತಾಡ್ತಿದ್ರ್."

"ಒಳ್ಗ್ ಹಾಂಗೇ ಕಾಂಬುದ್. ಪಟದಲ್ ಸಮಾ ಬತ್ತ್."

"ಬಪ್ಪುದಾರೆ ಸೈ" ಎಂದು ಹಿರಿಯಣ್ಣ ಒಲ್ಲದ ಮನಸ್ಸಿನಿಂದ ಮತ್ತೆ ಹೋಗಿ ನಿಂತರು. ಮಾಷ್ಟ್ರು ಮುಂದಿನ ಮುಚ್ಚಳ ಹಾಕಿ ಪ್ಲೇಟಿನ ಚೌಕಟ್ಟನ್ನು ಸಿಕ್ಕಿಸಿದರು, ತಗಡಿನ ಸಮೇತ. ಅಷ್ಟರಲ್ಲಿ ಹಿರಿಯಣ್ಣನ ಮುಂಡಾಸು ವಾಲಿತು, ಅದನ್ನು ಸರಿಮಾಡಿ ಕೊಡಲು ಮಾಷ್ಟ್ರನ್ನೇ ಕರೆದರು. ಇವರು ಅತ್ತ ಹೋದರೆ ಗೋಮತಿಯಮ್ಮ ಇತ್ತ ಬಂದರು.

"ಅವ್ರಿಗ್ ಬಿಟ್ಟ್ ಜಾಗ ಸಾಕಾತ್ತಾ ಅಂತ ನಾನೂ ಒಂದ್ ಕಾಂತೆ" ಎಂದು ಮುಸುಕಿನೊಳಗೆ ಹೊಕ್ಕು ಸ್ವಲ್ಪ ಹೊತ್ತು ಪರದಾಡಿ ಹೊರಬಂದರು. "ಎಂತದೂ ಕಾಂತಿಲ್ಲೆ ಮಾಷ್ಟ್ರೇ, ಬರೀ ಕತ್ಲಿ."

ಚೌಕಟ್ಟು ಸಿಕ್ಕಿಸಿದ ಮೇಲೆ ಕತ್ತಲೆಯಲ್ಲದೆ ಮತ್ತೇನು ಕಂಡೀತು? ಪಾಪ, ಮುದುಕಿ ಎಂದುಕೊಂಡರು ಮಾಷ್ಟ್ರು. ಗೋಮತಿಯಮ್ಮ ಸೆರಗು ಹೊದ್ದುಕೊಂಡು ಹೋಗಿ ತಮ್ಮ ಜಾಗದಲ್ಲಿ ನಿಂತರು.

ಮಾಷ್ಟ್ರು ಪುರೋಹಿತರಂತೆ ಗಂಭೀರವಾಗಿ ಮುಚ್ಚಳ ತೆಗೆದು, "ಒಂದು, ಎರಡು, ಮೂರು" ಎಂದು ಎಣಿಸಿ ಮುಚ್ಚಿದರು. ಆಗ ನೋಡಿದರೆ ಗೋಮತಿಯಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಾರೆ, ಭುಜ ಕುಲುಕುತ್ತಿದೆ. ಗಂಡನ ನೆನಪಾಗಿರಬೇಕು. ಮಾಷ್ಟ್ರ ಮನಸ್ಸಿಗೆ ಒಂದು ಸಣ್ಣ ಮುಳ್ಳು ಚುಚ್ಚಿತು. ಗಂಗೊಳ್ಳಿ ಕಡೆಯಿಂದ "ಕೇ-ಕೇ" ಎಂದು ಕೇಳಿಸಿ ಅದು ಅಲ್ಲೇ ಉದುರಿತು.

"ಕೊಡಿ, ಬಟ್ಟಿ ನಾ ಮಡ್ಚ್ತೆ" ಎಂದು ಗೋಮತಿಯಮ್ಮ ಎಲ್ಲರಿಗಿಂತ ಮೊದಲು ಬಂದು, ಕ್ಯಾಮೆರಾದ ಹಿಂದೆ ಒಂದಷ್ಟು ಸವರಾಡಿ, ಕರಿಬಟ್ಟೆ ತೆಗೆದು ಪಟ್ಟೆಸೀರೆಯಂತೆ ಮಡಚಿ ಬುಟ್ಟಿಯ ಕೆಳಗಿಟ್ಟರು.

ಗಾಳಿಮರ ಒಮ್ಮೆಲೇ ಸುಮ್ಮನಾಯಿತು. ಮೊದಲು ಒಂದು ಕಾಗೆ ಇಳಿದು, ಕತ್ತು ಓರೆಮಾಡಿ ನೋಡಿ, ವಡೆ ಎತ್ತಿತು. ಎರಡನೆಯದು ಬಂದು ಅನ್ನ ಬಿಟ್ಟು, ಸುಕ್ರುಂಡೆ ಬಿಟ್ಟು, ಮಿರಮಿರ ಮಿಂಚುತ್ತಿದ್ದ ನಶ್ಯದ ಡಬ್ಬಿಯನ್ನು ಕಚ್ಚಿಕೊಂಡು ಹೊಳೆಯ ಮೇಲೆ ಹಾರಿತು.

"ಅಣ್ಣಯ್ಯ ಅಲ್ಲಿಗ್ ಹೋದ್ರೂ ನಶ್ಯ ಬಿಡ್ಲಿಲ್ಲ ಕಾಣಿ" ಎಂದರು ಹಿರಿಯಣ್ಣ ಅರ್ಧ ಭಕ್ತಿಯಿಂದ, ಅರ್ಧ ಬೆಳ್ಳಿಯ ಸಂಕಟದಿಂದ. ಎಲ್ಲರೂ ಕಾಪಿಯ ದಿಕ್ಕಿಗೆ ಓಡಿದರು.

ಪಾರ್ಕು ತಣ್ಣಗಾಯಿತು. ಮಾಷ್ಟ್ರು ಗಂಟಲಿನಿಂದ ಮೆಲ್ಲಗೆ ಸ್ವರ ತೆಗೆದರು. ನೀಲಿಯೊಂದು ಗೆರೆ ಹೊಳೆಯನ್ನು ದಾಟಿ ಬಂದು ಗೂಟದ ತುದಿಯಲ್ಲಿ ಕೂತಿತು. ಅವರು ಉಸಿರು ಬಿಗಿಹಿಡಿದು ತಗಡು ಎಳೆದರು, ಮುಚ್ಚಳ ತೆಗೆದರು, ಎಣಿಸಿದರು. ಹಕ್ಕಿ ಅಲುಗಲಿಲ್ಲ. ಮುಚ್ಚಿ, ತಗಡು ಸರಿಸಿದ ಮೇಲೂ ಅಲುಗಲಿಲ್ಲ. ಇನ್ನೊಂದು ಬೇಕಾದರೆ ತೆಗೆದುಕೋ ಎಂಬಂತೆ ಕೂತೇ ಇತ್ತು. ಮಾಷ್ಟ್ರು ಅದಕ್ಕೆ ಕೈಮುಗಿದು, ಮೂರು ಕಾಲನ್ನೂ ಹೆಗಲಿಗೇರಿಸಿ ಮನೆಗೆ ಹಾರಿದರು.

ಬಚ್ಚಲುಮನೆಯೇ ಅವರ ಕತ್ತಲಕೋಣೆ. ಲಾಟೀನಿಗೆ ಕೆಂಪು ಕಾಗದ ಸುತ್ತಿ, ಬಾಗಿಲಿಗೆ ಕಂಬಳಿ ಹೊದಿಸಿ ಒಳಗೆ ಕೂತರು. ಹೊರಗೆ ಪದ್ಮಾಕ್ಷಿ.

"ಬಿಸ್ನೀರ್ ಆರ್ತ್. ನಾನ್ ಮೀಯೂದ್ ಯಾವಾಗ?"

"ತಡಿ ಮಾರಾಯ್ತಿ, ಹಕ್ಕಿ ಬತ್ತಾ ಇತ್."

ತಟ್ಟೆಯ ಮದ್ದಿನ ನೀರಿನಲ್ಲಿ ಪ್ಲೇಟು ಮೆಲ್ಲಗೆ ಬಾಯಿಬಿಡುತ್ತಿತ್ತು. ಮೊದಲು ಕೊಕ್ಕು ಬಂತು. ಆಹಾ, ಎಂಥ ಕೊಕ್ಕು! ಆಮೇಲೆ ತಲೆ, ಎದೆ, ಮಡಚಿದ ರೆಕ್ಕೆ.

"ಪದ್ಮಾ, ಬಂತ್. ಕೊಂಬಿ ಅಲ್ಲ, ಹಕ್ಕಿಯೇ."

ಹಕ್ಕಿಯ ಕಾಲ ಕೆಳಗೆ ಗೂಟ ಬರಬೇಕಾಗಿತ್ತು. ಗೂಟ ಯಾಕೋ ದಪ್ಪವಾಗುತ್ತಾ ಬಂತು. ದಪ್ಪವಾದದ್ದು ಸುತ್ತಿಕೊಂಡಿತು. ಸುತ್ತಿಕೊಂಡದ್ದರ ಕೆಳಗೆ ಎರಡು ಕಣ್ಣು ಬಿಟ್ಟವು. ಮಾಷ್ಟ್ರು ಲಾಟೀನನ್ನು ಹತ್ತಿರ ಹಿಡಿದರು. ಗೂಟಕ್ಕೆ ಮೀಸೆ ಬರುತ್ತಿತ್ತು.

ತಾನು ತಗಡು ಎಳೆದಿರಲಿಲ್ಲ. ದೇವರಾಣೆಗೂ ಎಳೆದಿರಲಿಲ್ಲ. ಆದರೂ ಹಿರಿಯಣ್ಣ ಬಂದಿದ್ದರು, ದಾಮೋದರ ಬಂದಿದ್ದ, ಸಿಟ್ಟುಮಾಡಿದ ಸರೋಜ ಬಂದಿದ್ದಳು. ಒಂದೇ ಗಾಜಿನ ಮೇಲೆ ಮನೆಯವರೂ ಕೂತಿದ್ದರು, ಹಕ್ಕಿಯೂ ಕೂತಿತ್ತು. ಅದೂ ಹಿರಿಯಣ್ಣನ ಮುಂಡಾಸಿನ ನೆತ್ತಿಯಲ್ಲಿ, ಆಚೆಯದು ಕಾಣುವಷ್ಟು ತೆಳ್ಳಗೆ, ಹೊಗೆಯಲ್ಲಿ ಬರೆದ ಹಾಗೆ. ಕೊಂಬೆಗಳ ಕಾಲವೇ ಚೆನ್ನಾಗಿತ್ತು ಎನಿಸಿತು ಮಾಷ್ಟ್ರಿಗೆ. ಆದರೂ ಮನಸ್ಸು ಕೇಳದೆ, ಗಾಜು ಒಣಗಿದ ಮೇಲೆ ಬಿಸಿಲಿಗೆ ಹಿಡಿದು ಕಾಗದಕ್ಕೆ ಇಳಿಸಿದರು. ಕಾಗದದಲ್ಲಿ ಅದು ಇನ್ನೂ ಸ್ಪಷ್ಟವಾಯಿತು.

ಅಡಗಿಸಿಡಲು ಹೊತ್ತು ಸಿಗಲಿಲ್ಲ. ತಿಥಿಯೂಟ ಮುಗಿಸಿ, ಮಾಷ್ಟ್ರಿಗೆಂದು ವಡೆ ಪಾಯಸ ಹಿಡಿದುಕೊಂಡು ಇಡೀ ಸಂಸಾರ ಜಗಲಿ ಹತ್ತಿತು. ಕಿಟಕಿಯಲ್ಲಿ ಒಣಗುತ್ತಿದ್ದ ಪಟಕ್ಕೆ ದಾಮೋದರ ಸೀದಾ ಕೈಹಾಕಿದ. ನೋಡಿದವನು ಬಾಯಿ ತೆರೆದು ಹಾಗೆಯೇ ನಿಂತ. ಸರೋಜ ನೋಡಿದಳು, ಇಸ್ಪೀಟು ಮರೆತು ಗಂಡನ ತೋಳು ಹಿಡಿದಳು. ಕೊನೆಗೆ ಹಿರಿಯಣ್ಣ ನೋಡಿದರು. ಅವರ ಕೈ ತಾನಾಗಿ ಮುಂಡಾಸಿನ ಮೇಲೆ ಹೋಗಿ ತಡವಿತು.

"ನನ್ ತಲಿ ಮೇಲ್ ಎಂತ ಕೂಕಂಡದ್?"

ಮಾಷ್ಟ್ರು ಬಾಯಿ ತೆರೆದರು. ಹಕ್ಕಿ ಎನ್ನಬೇಕು. ಹಕ್ಕಿ ಎಂದರೆ ಅದೇ ಪ್ಲೇಟನ್ನು ಮತ್ತೆ ಬಳಸಿದ್ದು ಹೇಳಬೇಕು. ಅದನ್ನು ಹೇಳಿದರೆ ಮೋಸದ ಲೆಕ್ಕವೂ ಹೊರಬೀಳುತ್ತದೆ. ಬಾಯಿ ಮುಚ್ಚಿದರು.

"ಮೂಗ್ ಕಂಡ್ರೆ ಗೊತ್ತಾತಿಲ್ಲೆಯಾ" ಎಂದರು ಗೋಮತಿಯಮ್ಮ.

ಎಲ್ಲರೂ ಮತ್ತೊಮ್ಮೆ ಬಗ್ಗಿ ನೋಡಿದರು. ಅಷ್ಟು ದೊಡ್ಡ ಮೂಗು ಕುಂದಾಪುರದಲ್ಲಿ ಒಬ್ಬರಿಗೇ ಇದ್ದದ್ದು.

"ಅಣ್ಣಯ್ಯಂಗ್ ಅಲ್ಲ್ ಜಾಗ ಬಿಟ್ಟಿತ್ತಲೆ ಅತ್ತಿಗೆ, ನಿಮ್ಮ ಬಗ್ಲಲ್" ಎಂದರು ಹಿರಿಯಣ್ಣ ಸಣ್ಣ ದನಿಯಲ್ಲಿ. "ನನ್ ತಲಿ ಮೇಲ್ ಯಾಕೆ?"

"ಗಾದಿ ಎಲ್ಲಿತ್ತೋ ಅವ್ರ್ ಅಲ್ಲೇ ಕೂಕಂಬುದ್."

ಹಿರಿಯಣ್ಣ ಸೊಂಟದಿಂದ ಕೀಲಿಕೈ ಗೊಂಚಲು ಬಿಚ್ಚಿ ಅತ್ತಿಗೆಯ ಕೈಗಿಟ್ಟು, ಮುಂಡಾಸನ್ನು ತಲೆಯಿಂದ ತೆಗೆದು ಕಂಕುಳಲ್ಲಿ ಹಿಡಿದುಕೊಂಡು ಮೆಟ್ಟಿಲಿಳಿದರು. ದಾಮೋದರನೂ ಸರೋಜಳೂ ಸುದ್ದಿ ಹೇಳಲು ಅವರಿಗಿಂತ ಬೇಗ ಹೋದರು. ಸುದ್ದಿಯ ಕಾಲಿಗೆ ಕುಂದಾಪುರದಲ್ಲಿ ಯಾವಾಗಲೂ ಪೆಟ್ರೋಲು. ಸಂಜೆಯಾಗುವ ಮೊದಲೇ ಪ್ರೇಮಾನಂದ ಮಾಷ್ಟ್ರು ಹೊಸ ಪಂಚೆ ಉಟ್ಟು ಗೇಟಿನಲ್ಲಿ ನಿಂತಿದ್ದರು.

"ನಮ್ಮ ಸೋದರತ್ತೆದ್ ಒಂದ್ ಪಟ ತೆಗಿನಿ ಮಾಷ್ಟ್ರೇ. ಹೋಗಿ ಹತ್ತ್ ವರ್ಷ ಆಯ್ತ್. ಕೊಂಬಿ ಮೇಲ್ ಬಂದ್ರೂ ಅಡ್ಡಿಲ್ಲೆ."

"ಪ್ಲೇಟ್ ಇಲ್ಲೆ" ಎಂದು ಮಾಷ್ಟ್ರು ಬಾಗಿಲು ಹಾಕಿದರು. ಒಳಗೆ ಗೋಮತಿಯಮ್ಮ ಮಾತ್ರ ಎದ್ದಿರಲಿಲ್ಲ. ಪದ್ಮಾಕ್ಷಿ ಕೊಟ್ಟ ಎಲೆಗೆ ಸುಣ್ಣ ಹಚ್ಚುತ್ತಾ ಕೂತಿದ್ದರು. ಮಾಷ್ಟ್ರು ಪಟವನ್ನು ಕೊನೆಯ ಸಲ ಬೆಳಕಿಗೆ ಹಿಡಿದರು. ಇಷ್ಟು ಹೊತ್ತೂ ಹಕ್ಕಿಯನ್ನೇ ನೋಡಿ ಮರುಗುತ್ತಿದ್ದ ಅವರ ಕಣ್ಣು ಈಗ ಪಟದ ಅಂಚಿಗೆ ಹೋಯಿತು. ಅಲ್ಲಿ ಗೋಮತಿಯಮ್ಮ, ಒಂದು ಕೈಯಿಂದ ಬಾಯಿ ಮುಚ್ಚಿಕೊಂಡು. ಇನ್ನೊಂದು ಕೈ ಸೆರಗಿನೊಳಗೆ. ಸೆರಗಿನ ಸಂದಿಯಿಂದ ಕರಿಯದೊಂದು ಚೂಪು ಮೂಲೆ ಇಣುಕುತ್ತಿತ್ತು.

"ಅಮ್ಮ, ಇದೆಂತದ್?"

"ತಗಡ್" ಎಂದರು ಗೋಮತಿಯಮ್ಮ, ಎಲೆ ಮಡಚುತ್ತಾ. "ನಿಮ್ಮದೇ."

ಮಾಷ್ಟ್ರು ಪಟದ ಸಮೇತ ನೆಲದ ಮೇಲೆ ಕೂತುಬಿಟ್ಟರು.

"ಮದಿ ಆದ್ ಹೊಸ್ತ್ರಲ್ ಇವ್ರ್ ನನ್ನ ಬೊಂಬಾಯಿಗ್ ಕರ್ಕಂಡ್ ಹೋಯಿದ್ರ್. ಒಂದ್ ಪಟದ್ ಅಂಗ್ಡಿಯಲ್ ಇಬ್ರೂ ಕೂತ್ಕಂಡ್ ತೆಗ್ಸಿದ್ದ್. ಆ ಪುಣ್ಯಾತ್ಮ ತಗಡ್ ಎಳೂಕ್ ಮರ್ತ್ ಹೋದ. ಪಟ ಬರ್ಲೇ ಇಲ್ಲ. ಇವ್ರ್ ಅಲ್ಲೇ ಗಲಾಟಿ ಮಾಡಿ, ತಗಡ್ ಎಲ್ಲಿತ್, ಹ್ಯಾಂಗ್ ಎಳುದ್ ಅಂತ ಕಂಡ್ಕಂಡೇ ಬಂದದ್. ಮತ್ತ್ ಸಾಯೋವರೆಗೂ ತಗಡ್ ತಗಡ್ ಅಂತಿದ್ರ್. ನೀವ್ ಇವತ್ತ್ ಅದನ್ ಎಳಿಲಿಲ್ಲ ಅಂತ ನಂಗ್ ಗೊತ್ತಾಯ್ತ್. ಎರಡ್ನೇ ಸಲ ಮೋಸ ಹೋಪುದ್ ಬ್ಯಾಡ ಅಂದ್ಕಂಡ್ ನಾನೇ ಎಳ್ದ್ ಸೆರ್ಗಲ್ ಇಟ್ಕಂಡೆ. ಬಟ್ಟಿ ಮಡ್ಚುವಾಗ ವಾಪಸ್ ತುರ್ಕಿದೆ."

"ಮತ್ತ್ ಅಲ್ಲ್ ನೀವ್ ಮರ್ಕಿದ್ದ್? ಕಣ್ಣೀರ್ ಹಾಕಿದ್ದ್?"

"ಯಾರ್ ಮರ್ಕಿದ್? ನೀವ್ ಪೂಜಿ ಭಟ್ರ್ ಹಾಂಗ್ ಮೋರೆ ಮಾಡ್ಕಂಡ್ ಒಂದ್, ಎರ್ಡ್ ಅಂತ ಎಣ್ಸ್ತಾ ಇದ್ರಿ. ನಂಗ್ ಮೋಸ ಮಾಡ್ತಿದ್ದೆ ಅಂದ್ಕಂಡ್. ನಂಗ್ ನೆಗಿ ತಡ್ಕಂಬುಕ್ ಆಯ್ಲಿಲ್ಲ, ಬಾಯ್ ಮುಚ್ಕಂಡೆ."

ಪದ್ಮಾಕ್ಷಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದಳು. "ಮದ್ರಾಸಿಗ್ ಇದನ್ನೇ ಕಳ್ಸಿ" ಎಂದಳು. "ಹಕ್ಕಿ ಕೇಳಿದ್ರ್, ಹಕ್ಕಿ ಇತ್. ಕೊಂಬಿ ಒಂದ್ ಮೀಸಿ ಬಿಟ್ಟದ್ ಬಿಟ್ರೆ."

ಮದ್ರಾಸಿನ ಆ ವಿನಯವಂತ ಕಾರ್ಯದರ್ಶಿ ಕನ್ನಡಕ ಸರಿಮಾಡಿಕೊಂಡು, ಹಿರಿಯಣ್ಣನ ಮೇಲೆ ಕೂತ ಹಕ್ಕಿಯನ್ನು ನೋಡಿ, ಈ ಜಾತಿಯ ಮರ ಕುಂದಾಪುರದಲ್ಲಿ ಎಷ್ಟಿವೆ ಎಂದು ಬರೆಯುವುದು ಮಾಷ್ಟ್ರ ಕಣ್ಣಿಗೆ ಕಟ್ಟಿತು. ಮೊದಲು ಅವರ ಹೊಟ್ಟೆ ಅಲುಗಿತು. ಆಮೇಲೆ ಹೆಗಲು. ಆಮೇಲೆ ತಡೆಯಲಾರದೆ ನೆಲ ಬಡಿದು ನಗತೊಡಗಿದರು. ಗೋಮತಿಯಮ್ಮನೂ ನಕ್ಕರು, ಪದ್ಮಾಕ್ಷಿಯೂ ನಕ್ಕಳು. ಗೇಟಿನಲ್ಲಿ ಏನೂ ತಿಳಿಯದ ಪ್ರೇಮಾನಂದರೂ ನಕ್ಕರು. ಎಲ್ಲರ ನಗೆಯ ಮೇಲೆ ಮಾಷ್ಟ್ರ ನಗೆಯೇ ಎದ್ದು ಮಾಡಿನ ಹೆಂಚಿಗೆ ತಾಗುತ್ತಿತ್ತು. ಪೇಟೆಯಲ್ಲಿ ಪೆಟ್ರೋಲಿಲ್ಲದೆ ಇದ್ದಲಿನ ಹೊಗೆಯಲ್ಲಿ ಓಡುವ ಮೇಲ್ ಬಸ್ಸು ಮೂರು ಸಲ ಹಾರನ್ ಹೊಡೆದು, ಕೆಮ್ಮಿ, ಉಡುಪಿಯತ್ತ ಹೊರಟುಹೋಯಿತು. ಆ ಮನೆಯಲ್ಲಿ ಅದು ಯಾರಿಗೂ ಕೇಳಿಸಲಿಲ್ಲ.